ಅಡುಗೆಮನೆಯ ಫೋಟೊದಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ?

ಫ್ಲ್ಯಾಟ್ ತಗೊಂಡ ಹೊಸದರಲ್ಲಿ ಮಾಡ್ಯುಲರ್ ಕಿಚನ್ ಕಂಪನಿಯವರು ನನಗೊಂದು ತ್ರೀಡಿ ಚಿತ್ರ ಕಳಿಸಿದ್ದರು. ಈಗಲೂ ಫೋನಿನಲ್ಲಿದೆ. ಬೂದು ಬಣ್ಣದ ಕಪಾಟುಗಳು, ಬಿಳಿ ಕಟ್ಟೆ, ಮೂಲೆಯಲ್ಲಿ ತುಳಸಿಯ ಹಾಗೆ ಕಾಣುವ ಆದರೆ ತುಳಸಿಯಲ್ಲದ ಒಂದು ಗಿಡ, ಬಟ್ಟಲಲ್ಲಿ ಮೂರು ನಿಂಬೆಹಣ್ಣು. ಕಟ್ಟೆಯ ಮೇಲೆ ಒಂದು ಕೆಟಲ್, ಒಂದು ಟೋಸ್ಟರ್. ಎರಡಕ್ಕೂ ವೈರ್ ಇಲ್ಲ. ಇಡೀ ಗೋಡೆಯಲ್ಲಿ ಒಂದೇ ಒಂದು ಪ್ಲಗ್ ಪಾಯಿಂಟ್ ಇಲ್ಲ. ಹಾಗಾದ್ರೆ ಈ ಕೆಟಲ್‌ನಲ್ಲಿ ನೀರು ಹೇಗ್ರೀ ಕಾಯುತ್ತೆ ಅಂತ ನಾನು ಕೇಳಲಿಲ್ಲ. ನನ್ನ ಕೆಲಸವೇ ಸಾಫ್ಟ್‌ವೇರ್ ಟೆಸ್ಟಿಂಗು. ಬೇರೆಯವರು ಮಾಡಿದ್ದರಲ್ಲಿ ಎಲ್ಲಿ ಏನು ಕೈಕೊಡುತ್ತದೆ ಅಂತ ಹುಡುಕೋದಕ್ಕೇ ಸಂಬಳ ಕೊಡುತ್ತಾರೆ. ಆದರೂ ಕೇಳಲಿಲ್ಲ. ಚಿತ್ರ ಅಷ್ಟು ಚಂದ ಇತ್ತು.

ನೂರೈವತ್ತು ರೂಪಾಯಿ ಟಿಕೆಟ್ಟಿನ ಸಿನಿಮಾಕ್ಕೆ ಶುಕ್ರವಾರ ಸಂಜೆಯೊಳಗೆ ಹತ್ತು ವಿಮರ್ಶೆ ಬರುತ್ತವೆ. ಕಾರಿನ ಬೆಲೆ ಕೊಟ್ಟು ಮಾಡಿಸುವ ಅಡುಗೆಮನೆಗೆ ಒಂದೂ ಬರುವುದಿಲ್ಲ. ಬರೋದೆಲ್ಲ ಕಿಚನ್ ಟೂರ್ ರೀಲ್ಸ್. ಹಾಗಾಗಿ ನಮ್ಮನೆಯ ಅಡುಗೆಮನೆಗೆ ನಾನೇ ಒಂದು ವಿಮರ್ಶೆ ಬರೆಯುತ್ತಿದ್ದೇನೆ. ಕಪಾಟಿನ ಬಗ್ಗೆ ತಕರಾರಿಲ್ಲ, ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರ್‌ಗಳಿಗೆ ಪೂರ್ತಿ ಅಂಕ. ನನ್ನ ತಕರಾರು ಚಿತ್ರದಲ್ಲಿ ಇಲ್ಲದಿದ್ದ ಆ ಪ್ಲಗ್ ಪಾಯಿಂಟಿನ ಬಗ್ಗೆ ಮಾತ್ರ.

ಮೊದಲು ವಾಸನೆಯ ಕತೆ ಹೇಳಿಬಿಡುತ್ತೇನೆ.

ಅಮ್ಮ ಸಾಗರದಿಂದ ಬಂದಿದ್ದಳು. ಮೂರನೇ ದಿನ ಬೆಳಿಗ್ಗೆ ಮೂಗು ಮುಚ್ಚಿಕೊಂಡು ಹಾಲ್‌ಗೆ ಬಂದಳು. "ಎಂತದೇ ಇದು, ಪಕ್ಕದ ಮನೆಯವ್ರು ಏಳು ಗಂಟೆಗೇ ಮೀನು ಹುರೀತಾರಲ್ಲೇ?" ನನಗೂ ವಾಸನೆ ಬಂತು. ಮೀನಿನದೇ, ಆದರೆ ಸ್ವಲ್ಪ ಸುಟ್ಟ ಹಾಗೆ. ಅಪಾರ್ಟ್‌ಮೆಂಟಿನಲ್ಲಿ ಯಾರ ಮನೇಲಿ ಏನು ಬೇಯುತ್ತದೆ ಅಂತ ಮೂಗು ತೂರಿಸಬಾರದು ಅಮ್ಮಾ ಅಂತ ಅವಳಿಗೊಂದು ಸಣ್ಣ ಭಾಷಣ ಕೊಟ್ಟು ಆಫೀಸಿಗೆ ಹೋದೆ. ಎರಡು ದಿನ ಹೀಗೇ ನಡೆಯಿತು. ಮೂರನೇ ದಿನ ಲಿಫ್ಟಿನಲ್ಲಿ ಪಕ್ಕದ ಮನೆಯವರು ಸಿಕ್ಕಿದರು, ಮಾತಿಗೆ ಮಾತು ಬಂತು. ಅವರು ಜೈನರು. ಮೀನಿರಲಿ, ಈರುಳ್ಳಿಯನ್ನೂ ಮನೆಗೆ ತರುವುದಿಲ್ಲ.

ವಾಸನೆ ನಮ್ಮದೇ ಮನೆಯದು. ಮೂಲೆಯ ಸಾಕೆಟ್ಟಿನಿಂದ ಇಂಡಕ್ಷನ್ ಸ್ಟವ್‌ನ ಪ್ಲಗ್ ಎಳೆದರೆ ಬರಲೇ ಇಲ್ಲ. ಜೋರಾಗಿ ಅಲ್ಲಾಡಿಸಿ ಎಳೆದಾಗ ಪಿನ್ನಿನ ಸುತ್ತ ಸುಟ್ಟ ಕಲೆ, ಸಾಕೆಟ್ಟಿನ ಒಂದು ತೂತು ಕರಗಿ ಓರೆಯಾಗಿತ್ತು. ಸ್ವಿಚ್ಚು ಸಾಕೆಟ್ಟಿಗೆ ಬಳಸುವ ಕೆಲವು ಪ್ಲಾಸ್ಟಿಕ್ಕುಗಳು ಅತಿಯಾಗಿ ಕಾದರೆ ಥೇಟ್ ಮೀನಿನ ವಾಸನೆ ಬರುತ್ತದಂತೆ. ಇದನ್ನು ಯಾವ ಬ್ರೋಷರಿನಲ್ಲೂ ಬರೆದಿರುವುದಿಲ್ಲ. ನೀವು ತಿಳಿದಿರಿ. ಅಡುಗೆಮನೆಯಲ್ಲಿ ಕಾರಣವಿಲ್ಲದೆ ಮೀನಿನ ವಾಸನೆ ಬಂದರೆ ಪಕ್ಕದವರನ್ನು ಬೈಯುವ ಮೊದಲು ಗೋಡೆಯನ್ನು ಮೂಸಿ ನೋಡಿ.

ಎಲೆಕ್ಟ್ರಿಷಿಯನ್ ಬಂದರು. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಸಾಕೆಟ್ ಬಿಚ್ಚಿದರು. ಬಿಚ್ಚಿದವರು ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, "ಮೇಡಂ, ಇದನ್ನ ಹಾಕಿದೋರು ಯಾರು?" ಅಂದರು. ಬಿಲ್ಡರ್ ಕೊಟ್ಟಿದ್ದು ಫ್ರಿಜ್ಜಿನ ಹಿಂದೆ ಒಂದು ಪವರ್ ಪಾಯಿಂಟು, ಮತ್ತೆರಡು ಚಿಕ್ಕ ಪಾಯಿಂಟು. ಈ ಮೂಲೆಯದ್ದು ಕಿಚನ್ ಕಂಪನಿಯ ಹುಡುಗರು "ಎಕ್ಸ್‌ಟ್ರಾ ಹಾಕಿಕೊಡ್ತೀವಿ" ಅಂತ ಫ್ರಿಜ್ಜಿನ ಪಾಯಿಂಟಿನಿಂದ ಎಳೆದದ್ದು. ಮುಂದೆ ಕಾಣುವ ಸಾಕೆಟ್ಟು ಒಳ್ಳೆಯದೇ, 16 ಆ್ಯಂಪಿನದು, ಐಎಸ್‌ಐ ಗುರುತು ಇರುವಂಥದ್ದು. ಹಿಂದಿನ ವೈರು 1 ಚದರ ಮಿಲಿಮೀಟರಿನದು, ಅಂದರೆ ಲೈಟು ಫ್ಯಾನಿಗೆ ಹಾಕುವಂಥದ್ದು. ಮುಖ ಪೈಲ್ವಾನನದು, ಕಾಲು ಮಗುವಿನದು. ಗೋಡೆಯೊಳಗೆ ಡಬ್ಬಿಯೂ ಇರಲಿಲ್ಲ. ಹಿಂಭಾಗದ ಪ್ಲೈವುಡ್ ಹಲಗೆಯನ್ನು ಕೊರೆದು, ಸಾಕೆಟ್ಟನ್ನು ನೇರವಾಗಿ ಮರಕ್ಕೆ ಸ್ಕ್ರೂ ಹೊಡೆದಿದ್ದರು. ವೈರಿನ ಜಾಯಿಂಟು ಮರಕ್ಕೆ ತಾಗಿಕೊಂಡೇ ಇತ್ತು. ಆ ಹಲಗೆಯ ಮೇಲೂ ಒಂದು ರೂಪಾಯಿ ಅಗಲದ ಕಂದು ಕಲೆ.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಇಷ್ಟೆಲ್ಲ ಆಗುವಾಗ ಎಂಸಿಬಿ ಯಾಕೆ ಬೀಳಲಿಲ್ಲ? ಲೆಕ್ಕ ಮಾಡಿದರೆ ಬೀಳುವ ಕಾರಣವೇ ಇರಲಿಲ್ಲ. ನಮ್ಮ ಇಂಡಕ್ಷನ್ 2000 ವ್ಯಾಟಿನದು. 230 ವೋಲ್ಟಿಗೆ ಭಾಗಿಸಿದರೆ ಸುಮಾರು 8.7 ಆ್ಯಂಪು. ಫ್ರಿಜ್ಜಿನ ಲೈನಿಗೆ ಇದ್ದದ್ದು 20 ಆ್ಯಂಪಿನ ಎಂಸಿಬಿ. ಅದರ ದೃಷ್ಟಿಯಲ್ಲಿ ಎಲ್ಲ ಸರಿಯಾಗೇ ಇದೆ. ಕೆಟ್ಟದ್ದು ನಡೆಯುತ್ತಿದ್ದದ್ದು ಸಡಿಲವಾದ ಒಂದು ಸ್ಕ್ರೂವಿನ ಹತ್ತಿರ. ಸಡಿಲ ಜಾಗದಲ್ಲಿ ಪ್ರತಿರೋಧ ಹುಟ್ಟುತ್ತದೆ. ಪಿಯುಸಿಯಲ್ಲಿ ಓದಿದ್ದೀವಲ್ಲ, ಕರೆಂಟಿನ ವರ್ಗವನ್ನು ಪ್ರತಿರೋಧದಿಂದ ಗುಣಿಸಿದರೆ ಶಾಖ. ಬರೀ 0.3 ಓಮ್ ಇದ್ದರೂ 8.7ರ ಲೆಕ್ಕಕ್ಕೆ ಸುಮಾರು 23 ವ್ಯಾಟ್ ಆಗುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂದರೆ ಅಮ್ಮ ಇಡ್ಲಿ ಬೇಯಿಸುವ ಪ್ರತಿ ಬೆಳಿಗ್ಗೆ, ಪ್ಲೈವುಡ್ಡಿಗೆ ಒತ್ತಿ ಹಿಡಿದ ಹಾಗೆ ಒಂದು ಬೆಸುಗೆ ಕಡ್ಡಿ ಕಾಯುತ್ತಿತ್ತು. ಎಂಸಿಬಿ ಕಾಯುವುದು ಮಿತಿಮೀರಿದ ಕರೆಂಟನ್ನು, ಶಾರ್ಟನ್ನು. ಸಡಿಲ ಸ್ಕ್ರೂವಿನ ಶಾಖ ಅದಕ್ಕೆ ಕಾಣುವುದಿಲ್ಲ. ಆರ್‌ಸಿಸಿಬಿಗೂ ಕಾಣುವುದಿಲ್ಲ, ಅದು ನೋಡುವುದು ಸೋರಿಕೆಯನ್ನು. ಅದನ್ನು ಕಂಡುಹಿಡಿಯಲು ಇದ್ದದ್ದು ಅಮ್ಮನ ಮೂಗು ಮಾತ್ರ, ಅದನ್ನೂ ನಾನು ಭಾಷಣ ಮಾಡಿ ಸುಮ್ಮನಿರಿಸಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಇದು ಒಂದು ಕೆಟ್ಟ ಫಿಟ್ಟಿಂಗಿನ ಕತೆ, ಕಂಪನಿಗೆ ಒಂದು ಸ್ಟಾರ್ ಕೊಟ್ಟು ಮುಗಿಸಬಹುದಿತ್ತು. ಆದರೆ ಎಲೆಕ್ಟ್ರಿಷಿಯನ್ ಡಬ್ಬಿಯಿಲ್ಲದ ಆ ತೂತಿನೊಳಗೆ ಬೆರಳು ಹಾಕಿ ಇನ್ನೊಂದು ವೈರ್ ಎಳೆದು ತೋರಿಸಿದರು. ಹಸಿರು ವೈರು. ಅರ್ಥಿಂಗಿನದು. ಅದನ್ನು ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಸುರುಳಿ ಸುತ್ತಿ ಮೂಲೆಗೆ ತುರುಕಿದ್ದರು.

ಅಡುಗೆಗೆ ಬರುವ ಅಕ್ಕ ಆಗ ಸಿಂಕಿನ ಹತ್ತಿರ ಅಕ್ಕಿ ತೊಳೆಯುತ್ತಾ ನಿಂತಿದ್ದರು. ಅದೇ ಸಾಕೆಟ್ಟಿಗೆ ಮಲ್ಟಿಪ್ಲಗ್ ಹಾಕಿ ಗ್ರೈಂಡರನ್ನೂ ಓಡಿಸುತ್ತಿದ್ದೆವು. "ಅದಕ್ಕೇ ಇರ್ಬೇಕು ಅಕ್ಕ, ಗ್ರೈಂಡರ್ ಮುಟ್ಟಿದ್ರೆ ಜುಮ್ ಅನ್ನೋದು" ಅಂದರು, ಅಕ್ಕಿಯಿಂದ ಕಣ್ಣೆತ್ತದೆ.

ಎಷ್ಟು ದಿನದಿಂದ?

"ಮೊದಲಿಂದಾನೂ ಹಂಗೇ. ನಾನು ಮ್ಯಾಟ್ ಮೇಲೆ ನಿಂತ್ಕೊಂಡು ಹಾಕ್ತೀನಿ."

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಕೇಳಿದ ಧಾಟಿಯಲ್ಲೇ ತಪ್ಪಿತ್ತು ಅನ್ನಿಸುತ್ತದೆ. "ಹೊಸ ಅಡುಗೆಮನೆ ಅಲ್ವಾ, ನಾನೇ ಏನೋ ಕೆಡಿಸಿದೆ ಅಂದ್ಕೋತೀರೇನೋ ಅಂತ" ಅಂದರು.

ಎಂಟು ತಿಂಗಳು. ಒದ್ದೆ ಕೈ, ಸ್ಟೀಲ್ ಡ್ರಮ್ಮಿನ ಗ್ರೈಂಡರ್. ಅರ್ಥಿಂಗ್ ಇದ್ದಿದ್ದರೆ ಒಳಗಿನ ಸೋರಿಕೆ ಹಸಿರು ವೈರಿನಲ್ಲಿ ಹರಿದುಹೋಗುತ್ತಿತ್ತು, ಹೆಚ್ಚಾದರೆ 30 ಮಿಲಿಆ್ಯಂಪಿನ ಆರ್‌ಸಿಸಿಬಿ ಲೈನನ್ನೇ ಕತ್ತರಿಸುತ್ತಿತ್ತು. ಅರ್ಥಿಂಗ್ ಇಲ್ಲದಾಗ ಸೋರಿಕೆಗೆ ದಾರಿ ಇಲ್ಲ. ಯಾರಾದರೂ ಮುಟ್ಟುವವರೆಗೆ ಅದು ಸುಮ್ಮನೆ ಲೋಹದ ಮೈಮೇಲೆ ಕುಳಿತಿರುತ್ತದೆ. ಮುಟ್ಟಿದವರೇ ಹಸಿರು ವೈರ್ ಆಗುತ್ತಾರೆ. ತ್ರೀ ಪಿನ್ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ದಪ್ಪ ಮತ್ತು ಉದ್ದ ಇರುತ್ತದೆ ನೋಡಿ. ಚುಚ್ಚುವಾಗ ಅದು ಮೊದಲು ಸೇರಲಿ, ಎಳೆಯುವಾಗ ಕೊನೆಗೆ ಬಿಡಲಿ ಅಂತಲೇ ಹಾಗೆ ಮಾಡಿರುವುದು. ಪ್ಲಗ್ಗು ಮಾಡಿದವರು ಅಷ್ಟು ದೂರ ಯೋಚಿಸಿದ್ದಾರೆ, ಅದನ್ನು ಗೋಡೆಗೆ ಹಾಕಿದವರು ಯೋಚಿಸಲಿಲ್ಲ.

ಕಿಚನ್ ಡಿಸೈನ್ ಮಾಡುವಾಗ ಕಂಪನಿಯವರು ನನ್ನನ್ನು ಎರಡು ಸಲ ಕೂರಿಸಿಕೊಂಡು ಪ್ರಶ್ನೆ ಕೇಳಿದ್ದರು. ಮ್ಯಾಟ್ ಬೇಕಾ, ಗ್ಲಾಸಿ ಬೇಕಾ. ಹ್ಯಾಂಡಲ್ ಕಾಣಬೇಕಾ, ಬೇಡವಾ. ಕಪಾಟಿನ ಕೆಳಗಿನ ಲೈಟು ಬೆಚ್ಚಗಿನ ಬಣ್ಣದ್ದಾ, ತಂಪಿನದ್ದಾ. ಬೆಳಿಗ್ಗೆ ಏಳೂವರೆಗೆ ನಿಮ್ಮನೇಲಿ ಒಟ್ಟಿಗೆ ಏನೇನು ಓಡುತ್ತದೆ ಅಂತ ಯಾರೂ ಕೇಳಲಿಲ್ಲ. ಉತ್ತರ ಸುಲಭವಿತ್ತು: ಇಂಡಕ್ಷನ್ ಮೇಲೆ ಇಡ್ಲಿ, ಮಿಕ್ಸಿಯಲ್ಲಿ ಚಟ್ನಿ, ಕೆಟಲ್‌ನಲ್ಲಿ ಗಂಡನ ಗ್ರೀನ್ ಟೀ ನೀರು, ಕೆಲವೊಮ್ಮೆ ಓಟಿಜಿ. ಅಡುಗೆ ಮಾಡುವವರು ಯಾರು ಅಂತಲೂ ಕೇಳಲಿಲ್ಲ. ಆ ಕಟ್ಟೆಯ ಮುಂದೆ ದಿನಕ್ಕೆ ಎರಡು ತಾಸು ನಿಲ್ಲುವವರು ಅಕ್ಕ. ಅವರನ್ನು ಒಂದು ಮಾತು ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಆಯುಧಪೂಜೆಯ ದಿನ ಮಿಕ್ಸಿ ಗ್ರೈಂಡರಿಗೆಲ್ಲ ಕುಂಕುಮ ಹಚ್ಚಿ ಹೂವು ಏರಿಸಿದ್ದೆ. ಫೋಟೊ ಇದೆ. ಫೋಟೊದಲ್ಲಿ ಮಲ್ಟಿಪ್ಲಗ್ಗೂ ಇದೆ.

ಈಗ ಬೇರೆಯವರ ಮನೆಗೆ ಹೋದರೆ ಮೊದಲು ಸಾಕೆಟ್ ನೋಡುವ ಚಟ ಹತ್ತಿದೆ. ಮೂರು ಫ್ಯಾಷನ್ನುಗಳು ಎಲ್ಲ ಕಡೆ ಕಾಣುತ್ತವೆ.

ಒಂದು, ಕಟ್ಟೆಯೊಳಗಿಂದ ಮೇಲೇಳುವ ಪಾಪ್-ಅಪ್ ಸಾಕೆಟ್. ಗುಂಡಿ ಒತ್ತಿದರೆ ಸಿನಿಮಾದಲ್ಲಿ ಮಿಸೈಲ್ ಬಂದ ಹಾಗೆ ಬರುತ್ತದೆ, ನೋಡಲು ಖುಷಿ. ಆದರೆ ನಮ್ಮಲ್ಲಿ ರಾತ್ರಿ ಊಟ ಆದ ಮೇಲೆ ಕಟ್ಟೆಗೆ ನೀರು ಸುರಿದು, ಉಜ್ಜಿ, ಬಟ್ಟೆಯಿಂದ ಎಳೆಯುವುದು ರೂಢಿ. ದೋಸೆ ಹಿಟ್ಟು ಉಕ್ಕಿ ಹರಿಯುವುದೂ ಅದೇ ಕಟ್ಟೆಯ ಮೇಲೆ. ನೀರು ನಿಲ್ಲುವ ಜಾಗದಲ್ಲಿ ತೂತು ಕೊರೆದು ಕರೆಂಟ್ ಕೂರಿಸುವ ಐಡಿಯಾ, ಕಟ್ಟೆಯನ್ನು ಬರೀ ಟಿಶ್ಯೂನಲ್ಲಿ ಒರೆಸುವ ಯಾರದ್ದೋ ಮನೆಯಲ್ಲಿ ಹುಟ್ಟಿರಬೇಕು. ಎರಡನೆಯದು ಒಲೆಯ ನೇರ ಮೇಲಿನ ಪಾಯಿಂಟು. ಚಿಮಣಿಗೆ ಮೇಲೆ ಒಂದು ಬೇಕು, ಸರಿ. ಅದರ ಜತೆಗೇ ಬರ್ನರಿನ ಹಿಂದೆ ಒಂದು ಮೊಳ ಎತ್ತರದಲ್ಲಿ ಮಿಕ್ಸಿಗೂ ಒಂದು ಇಟ್ಟುಬಿಡುತ್ತಾರೆ. ಒಗ್ಗರಣೆ ಸಿಡಿಯುವುದು ಅಲ್ಲಿಗೇ, ಕುಕ್ಕರ್ ಮೂರನೇ ಶೀಟಿಗೆ ಬೇಳೆಯ ಗಂಜಿ ಚಿಮ್ಮುವುದೂ ಅಲ್ಲಿಗೇ. ಏನಾದರೂ ಆಗಿ ಸ್ವಿಚ್ ಆರಿಸಬೇಕೆಂದರೆ ಬೆಂಕಿಯ ಮೇಲಿಂದ ಕೈ ಚಾಚಬೇಕು. ಮೂರನೆಯದು ಗೋಡೆಯ ಕಪಾಟಿಗೆ ಸೇರಿಸಿದ ಓವನ್. ಅದರ ಸಾಕೆಟ್ಟನ್ನು ಸರಿಯಾಗಿ ಓವನ್ನಿನ ಬೆನ್ನ ಹಿಂದೆ ಇಡುತ್ತಾರೆ. ಪ್ಲಗ್ಗು ಬಿಸಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ, ತೆಗೆಯಬೇಕಾದರೆ ಇಬ್ಬರು ಸೇರಿ ಓವನ್ ಎಳೆಯಬೇಕು. ಪಕ್ಕದ ಕಪಾಟಿನೊಳಗೆ ಇಟ್ಟರೆ ಸಾಕು, ಬಾಗಿಲು ತೆರೆದರೆ ಕೈಗೆ ಸಿಗುತ್ತದೆ. ಒಂದು ತೂತು ಹೆಚ್ಚು ಕೊರೆಯುವ ಕೆಲಸ ಅಷ್ಟೇ.

ಸಿಲಿಂಡರ್ ಇಡುವ ಕಪಾಟಿನೊಳಗೂ ಒಂದು ಸ್ವಿಚ್ ಬೋರ್ಡ್ ಇಟ್ಟ ಮನೆ ನೋಡಿದೆ, ವಾಟರ್ ಪ್ಯೂರಿಫೈಯರಿಗಂತೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಸ್ವಿಚ್ ಒತ್ತಿದಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ಇದರ ಬಗ್ಗೆ ವಿಮರ್ಶೆ ಬರೆಯುವಷ್ಟು ವ್ಯವಧಾನ ನನಗಿಲ್ಲ, ಅವತ್ತೇ ತೆಗೆಸಿ ಅಂತ ಹೇಳಿ ಬಂದೆ.

ಈ ಮೂರು ಫ್ಯಾಷನ್ನಿಗೂ ಮೂಲ ಒಂದೇ: ಸಾಕೆಟ್ ಅನ್ನುವುದು ಗೋಡೆಯ ಮೇಲಿನ ಮೊಡವೆ, ಮುಚ್ಚಿಡಬೇಕು. ಹಾಗಂತ ಹಳೆಯ ಅಡುಗೆಮನೆಯೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಸಾಗರದ ಮನೆಯಲ್ಲಿ ಅಮ್ಮನ ಅಡುಗೆಕೋಣೆಗೆ ಇದ್ದದ್ದು ಒಂದೇ ಬೋರ್ಡು, ಬಾಗಿಲ ಪಕ್ಕ, ಮರದ ಹಲಗೆಯ ಮೇಲೆ ಕಪ್ಪು ಬೇಕಲೈಟ್ ಸ್ವಿಚ್ಚುಗಳು. ಒಲೆಯಿಂದ ದೂರ, ಬಚ್ಚಲಿನಿಂದಲೂ ದೂರ, ಎಲ್ಲರ ಕಣ್ಣಿಗೆ ಬೀಳುವಂತೆ. ಜಾಗ ಸರಿಯಾಗಿತ್ತು, ಉಳಿದದ್ದೆಲ್ಲ ದೇವರ ದಯೆ. ಗ್ರೈಂಡರ್ ಹಾಕುವ ಮೊದಲು ಅಮ್ಮ ಹವಾಯಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಅಡುಗೆಕೋಣೆಯೊಳಗೆ ಚಪ್ಪಲಿ ಹಾಕಲು ಅನುಮತಿ ಇದ್ದದ್ದು ಅದೊಂದೇ ಕೆಲಸಕ್ಕೆ. ಅದೊಂದು ಮಡಿಯ ನಿಯಮ ಅಂತ ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ. ಅಕ್ಕನ ಮ್ಯಾಟು ಏನು ಅಂತ ಕೇಳಿದ ತಕ್ಷಣ ನನಗೆ ನೆನಪಾದದ್ದು ಆ ನೀಲಿ ಪಟ್ಟಿಯ ಚಪ್ಪಲಿ. ಮೂವತ್ತು ವರ್ಷ, ಮನೆ ಬದಲಾಗಿದೆ, ಊರು ಬದಲಾಗಿದೆ, ಕಟ್ಟೆಯ ಕಲ್ಲು ಬದಲಾಗಿದೆ.

ಸರಿ ಮಾಡಿಸಿದ್ದು ಹೀಗೆ. ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ವೈರ್‌ಮನ್ ಪರ್ಮಿಟ್ ಇದೆಯಾ ಅಂತ ಕೇಳಿದೆ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವಂಥದ್ದು. ಅವರು ಬೇಜಾರಾಗಲಿಲ್ಲ, ಪರ್ಸಿನಿಂದ ತೆಗೆದು ತೋರಿಸಿದರು. "ಇದುವರೆಗೂ ಯಾರೂ ಕೇಳಿಲ್ಲ ಮೇಡಂ" ಅಂದರು. ಆಮೇಲೆ ಒಂದು ಹಾಳೆಯಲ್ಲಿ ಮನೆಯ ಎಲ್ಲ ಉಪಕರಣದ ಹೊಟ್ಟೆಯಡಿ ಬರೆದಿರುವ ವ್ಯಾಟ್ ಬರೆದುಕೊಂಡೆವು. 6 ಆ್ಯಂಪಿನ ಪಾಯಿಂಟು ಎಂದರೆ 1380 ವ್ಯಾಟ್‌ವರೆಗೆ ಮಾತ್ರ, ಮಿಕ್ಸಿಗೆ ಸಾಕು. 16 ಆ್ಯಂಪಿನದ್ದು 3680. ಇಂಡಕ್ಷನ್ನೂ ಓಟಿಜಿಯೂ ಒಂದೇ ಸಾಕೆಟ್ಟಿಗೆ ಮಲ್ಟಿಪ್ಲಗ್ಗಿನಲ್ಲಿ ಬಂದರೆ ಲೆಕ್ಕ ಅಂಚಿಗೆ ಬಂದುಬಿಡುತ್ತದೆ, ಮತ್ತು ಆ ಮಲ್ಟಿಪ್ಲಗ್ಗಿನ ತಗಡಿಗೆ ಅಷ್ಟು ತಾಕತ್ತು ಇರುವುದಿಲ್ಲ. ಆದ್ದರಿಂದ ಡಿಬಿಯಿಂದ ಎರಡು ಹೊಸ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವೈರು, ಒಂದೊಂದಕ್ಕೂ ಅದರದೇ 16 ಆ್ಯಂಪಿನ ಎಂಸಿಬಿ. ಗೋಡೆ ಕೊರೆದು ಲೋಹದ ಡಬ್ಬಿ, ಆ ಡಬ್ಬಿಗೂ ಹಸಿರು ವೈರಿನ ಕೊಂಡಿ. ಪ್ಲೈವುಡ್ಡಿನಲ್ಲಿ ಡಬ್ಬಿಗಿಂತ ದೊಡ್ಡ ಕಿಟಕಿ ಕತ್ತರಿಸಿದರು, ಮರ ಹತ್ತಿರವೂ ಬರದಂತೆ.

ಜಾಗ ಗುರುತು ಮಾಡಿದ್ದು ಅಮ್ಮ ಮತ್ತು ಅಕ್ಕ. ಟೇಪ್ ಹುಡುಕುವಷ್ಟರಲ್ಲಿ ಅಮ್ಮ ಕೈಯಲ್ಲೇ ಅಳೆಯಲು ಶುರುಮಾಡಿದ್ದಳು. ಕಟ್ಟೆಯಿಂದ ಒಂದು ಗೇಣು ಮೇಲೆ, ಹರಿದ ನೀರು ಮುಟ್ಟದಂತೆ. ಒಲೆಯ ಪಕ್ಕಕ್ಕೆ ಒಂದು ಮೊಳಕ್ಕಿಂತ ಹತ್ತಿರ ಬೇಡ. ನಲ್ಲಿಯಿಂದ ಎರಡು ಮೊಳ. ಅಕ್ಕ ಗ್ರೈಂಡರನ್ನು ತಾನು ದಿನಾ ಇಡುವ ಜಾಗಕ್ಕೆ ತಂದಿಟ್ಟು, ಅದರ ವೈರನ್ನು ಎಳೆದು ತೋರಿಸಿ, "ಇಲ್ಲಿದ್ರೆ ವೈರು ಕಟ್ಟೆ ಮೇಲೆ ಅಡ್ಡ ಬರಲ್ಲ" ಅಂದರು. ಎಲೆಕ್ಟ್ರಿಷಿಯನ್ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು. ಇಪ್ಪತ್ತು ನಿಮಿಷದ ಕೆಲಸ. ಇದಕ್ಕೆ ತ್ರೀಡಿ ಬೇಕಿರಲಿಲ್ಲ.

ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯ 'ಟಿ' ಗುಂಡಿ ಒತ್ತಿ ತೋರಿಸಿದರು, ಟಕ್ ಅಂತ ಬಿತ್ತು. ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ. ಅದು ಪದೇಪದೇ ಬೀಳುತ್ತದೆ ಅಂತ ಬೈಪಾಸ್ ಮಾಡಿಸಿಕೊಂಡ ಇಬ್ಬರು ನಮ್ಮ ಬ್ಲಾಕಿನಲ್ಲೇ ಇದ್ದಾರೆ. ಬೀಳುವುದೇ ಅದರ ಕೆಲಸ ಅಂದರೆ ನಗುತ್ತಾರೆ.

ಮರುವಾರ ಅಕ್ಕ ಕೇಳಿದರು. "ಅವರು ನಮ್ಮನೆಗೂ ಒಂದ್ಸಲ ಬರ್ತಾರಾ? ಗ್ಯಾಸ್ ಉಳಿಯುತ್ತೆ ಅಂತ ಕರೆಂಟ್ ಒಲೆ ತಗೊಂಡಿದೀನಿ." ನಾನೂ ಹೋದೆ. ಒಂದೇ ಕೋಣೆಯ ಬಾಡಿಗೆ ಮನೆ. ಮಂಚದ ಹಿಂದಿನ ಚಿಕ್ಕ ಪಾಯಿಂಟಿಗೆ ಎಕ್ಸ್‌ಟೆನ್ಷನ್ ಬಾಕ್ಸು, ಅದರ ವೈರು ನೆಲದ ಮೇಲೆ ಹಾಸಿಗೆಯ ಅಡಿಯಿಂದ ಹಾದು ಬಂದು, ಒಲೆಯ ಹತ್ತಿರ ಇಟ್ಟಿಗೆಯ ಮೇಲೆ ಕೂತಿತ್ತು. ಒಲೆಯ ದಪ್ಪ ಪ್ಲಗ್ಗು ಹೋಗುವುದಿಲ್ಲವೆಂದು ನಡುವೆ ಒಂದು ಕನ್ವರ್ಟರ್. ಮುಟ್ಟಿ ನೋಡಿದರೆ ಬಿಸಿ.

ಮನೆ ಮಾಲೀಕರಿಗೆ ಫೋನ್ ಮಾಡಿದೆವು. ಗೋಡೆ ಕೊರೆಯುವ ಹಾಗಿಲ್ಲ, ಪೇಂಟ್ ಹೊಸದು ಅಂದರು. ಹಾಗಾದರೆ ಗೋಡೆಯ ಮೇಲೇ ಪಿವಿಸಿ ಪಟ್ಟಿಯಲ್ಲಿ ಎಳೆಯುತ್ತೇವೆ ಅಂದಾಗ ಎರಡು ದಿನ ಯೋಚಿಸಿ ಹೂಂ ಅಂದರು. ಮೀಟರ್ ಬೋರ್ಡಿನಿಂದ ಬೇರೆ ಲೈನು, ಅದಕ್ಕೊಂದು ಎಂಸಿಬಿ, ಒಂದು ಆರ್‌ಸಿಸಿಬಿ, ಗೋಡೆಯ ಮೇಲೆ ಎದ್ದು ಕಾಣುವ ಬಿಳಿ ಡಬ್ಬಿಯಲ್ಲಿ ಒಂದು 16 ಆ್ಯಂಪಿನ ಸಾಕೆಟ್ಟು. ಆ ಮನೆಯಲ್ಲಿ ಅರ್ಥಿಂಗೇ ಇರಲಿಲ್ಲ, ಅದಕ್ಕೆ ಹೊರಗೆ ಗುಂಡಿ ತೋಡಬೇಕು. ಮಾಲೀಕರು ಹಬ್ಬ ಕಳೆಯಲಿ ಅಂದಿದ್ದಾರೆ. ಅಲ್ಲಿಯವರೆಗೆ ಸಾಕೆಟ್ಟಿನ ಮೇಲೆ ಎಲೆಕ್ಟ್ರಿಷಿಯನ್ ಕೆಂಪು ಟೇಪ್ ಅಂಟಿಸಿ ಹೋಗಿದ್ದಾರೆ, ಅಕ್ಕ ಗ್ಯಾಸಿನಲ್ಲೇ ಅಡುಗೆ ಮಾಡುತ್ತಿದ್ದಾರೆ. ಬಿಳಿ ಪಟ್ಟಿ ನೀಲಿ ಗೋಡೆಯ ಮೇಲೆ ಬಾಗಿಲಿನಿಂದ ಒಲೆಯ ತನಕ ಸ್ವಲ್ಪ ಸೊಟ್ಟಗೆ ಹೋಗಿದೆ.